ಫರಸಿಯ ಕೆಳಗೆ ಏನಿದೆ?

ಪುಣೆಯ ನಮ್ಮ ಕನ್ನಡಿಗರ ಕೂಟದಲ್ಲಿ ಒಂದು ಭಾನುವಾರ ಮಾತಾಡಿದ್ದೆ. ಬರಲಾಗದವರು ಕೇಳಿದರು ಅಂತ ಅದನ್ನೇ ಬರೆದಿಟ್ಟಿದ್ದೇನೆ. ಅವಸರದಲ್ಲಿ ಹಾರಿಹೋದ ಒಂದೆರಡು ವಿಷಯ ಸೇರಿಸಿದ್ದೇನೆ. ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ.

*

ಎಲ್ಲರಿಗೂ ನಮಸ್ಕಾರ. ಚಹಾ ಆಯ್ತಲ್ವಾ? ಹಾಗಾದರೆ ಒಮ್ಮೆ ಎಲ್ಲರೂ ಕಾಲ ಕೆಳಗೆ ನೋಡಿ.

ಇಲ್ಲಿ ಹಾಸಿರುವುದು ಶಹಾಬಾದಿ ಫರಸಿ. ಪುಣೆಯಲ್ಲಿ ಯಾವ ಹಳೆಯ ಮನೆಗೆ ಹೋದರೂ ಈ ಹೆಸರು ಕೇಳುತ್ತೀರಿ. ಆದರೆ ಶಹಾಬಾದ್ ಎಲ್ಲಿದೆ ಅಂತ ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ನಮ್ಮ ಕಲಬುರಗಿ ಜಿಲ್ಲೆಯ ಊರು ಅದು. ಸುಣ್ಣದ ಕಲ್ಲು, ಪದರ ಪದರವಾಗಿ ಏಳುತ್ತದೆ. ಅಂದರೆ ನೀವು ಈಗ ಕಾಲಿಟ್ಟಿರುವುದು ನಮ್ಮ ಊರ ಕಡೆಯ ಕಲ್ಲಿನ ಮೇಲೆ.

ಈ ಫರಸಿ ಎಬ್ಬಿಸಿ ಅಗೆಯುತ್ತಾ ಹೋದರೆ ಏನು ಸಿಗುತ್ತದೆ? ಮೊದಲು ಒಂದಿಷ್ಟು ಸಿಮೆಂಟು, ಮಣ್ಣು, ಮುರುಮ್. ಆಮೇಲೆ ಕರಿಕಲ್ಲು. ನಮ್ಮ ಸೊಸೈಟಿಯಲ್ಲಿ ಬೋರ್‌ವೆಲ್ ಕೊರೆಸಿದಾಗ ನಾನು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಮಷೀನಿನ ಪಕ್ಕ ನಿಂತಿದ್ದೆ. ಹೊರಗೆ ಬರುವ ಪುಡಿಯನ್ನು ಇಪ್ಪತ್ತು ಅಡಿಗೊಂದು ಚೀಲದಂತೆ ತುಂಬಿಕೊಂಡೆ. ವಾಚ್‌ಮನ್‌ಗೆ ನಗು. 'ನೀರು ಬೇಕು ಅಂತ ಕೊರೆಸಿದ್ರೆ ಈ ಮನುಷ್ಯ ಧೂಳು ತುಂಬ್ಕೋತಿದಾನೆ' ಅಂದುಕೊಂಡಿರಬೇಕು. 300 ಅಡಿ ಹೋದರೂ ನೀರು ಬರಲಿಲ್ಲ. ಆದರೆ ಧೂಳು ಚೆನ್ನಾಗಿತ್ತು. ಬೂದು, ಕಪ್ಪು, ಮತ್ತೆ ಬೂದು. ನಡುವೆ ಒಂದು ಕಡೆ ಇದ್ದಕ್ಕಿದ್ದಂತೆ ಇಟ್ಟಿಗೆ ಕೆಂಪು.

ಆ ಕೆಂಪು ಪುಡಿ ಒಂದು ಕಾಲದ ನೆಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಇಲ್ಲಿ ನೆಲ ಬಿರಿದು ಲಾವಾ ಹರಿಯಿತು. ಹರಿದದ್ದು ಆರಿ ಕಲ್ಲಾಯಿತು. ಅದರ ಮೇಲೆ ಮಳೆ ಬಿತ್ತು, ಕಲ್ಲು ಸವೆದು ಮಣ್ಣಾಯಿತು. ಆಮೇಲೆ ಮತ್ತೊಮ್ಮೆ ಲಾವಾ ಬಂದು ಆ ಮಣ್ಣನ್ನು ಭಟ್ಟಿಯಲ್ಲಿಟ್ಟ ಇಟ್ಟಿಗೆಯ ಹಾಗೆ ಸುಟ್ಟಿತು. ಹೀಗೆ ಪದರದ ಮೇಲೆ ಪದರ. ಘಟ್ಟದ ರಸ್ತೆಗಳಲ್ಲಿ ಗುಡ್ಡ ಕಡಿದ ಕಡೆ ಕಪ್ಪು ಕಲ್ಲಿನ ನಡುವೆ ಕೆಂಪು ಪಟ್ಟಿ ಕಂಡರೆ ಇದೇ ಕಥೆ. ಮುಂದಿನ ಸಲ ಊರಿಗೆ ಹೋಗುವಾಗ ಮೊಬೈಲ್ ಬದಿಗಿಟ್ಟು ಕಿಟಕಿಯಾಚೆ ನೋಡಿ. ಈ ಕಲ್ಲಿಗೆ ಡೆಕ್ಕನ್ ಟ್ರ್ಯಾಪ್ ಅಂತ ಹೆಸರು. ಟ್ರ್ಯಾಪ್ ಅಂದರೆ ಇಲ್ಲಿ ಬಲೆ ಅಲ್ಲ, ಸ್ವೀಡನ್ನಿನವರ ಮಾತಿನಲ್ಲಿ ಮೆಟ್ಟಿಲು. ಸಿಂಹಗಡವನ್ನು ದೂರದಿಂದ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಕರಿಕಲ್ಲು ಈಗಲೂ 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಆದರೆ ಎಲ್ಲ ಕಡೆ ಒಂದೇ ದಪ್ಪ ಇಲ್ಲ. ಕೊಯ್ನಾ ಅಣೆಕಟ್ಟಿನ ಹತ್ತಿರ ಗೋಠಣೆ ಅನ್ನುವ ಹಳ್ಳಿಯಲ್ಲಿ ವಿಜ್ಞಾನಿಗಳು 3 ಕಿಲೋಮೀಟರ್ ಆಳದ ಬಾವಿ ಕೊರೆದರು. 1247 ಮೀಟರ್ ತನಕ ಕರಿಕಲ್ಲು. ಆಮೇಲೆ ಒಮ್ಮೆಲೇ ಗ್ರಾನೈಟ್ ಜಾತಿಯ ಹಳೆಯ ಕಲ್ಲು. ಪೂರ್ವಕ್ಕೆ, ಲಾತೂರು ಕಡೆಯ ಕಿಲ್ಲಾರಿಯಲ್ಲಿ ಕೊರೆದಾಗ ಕರಿಕಲ್ಲು 338 ಮೀಟರಿಗೇ ಮುಗಿದಿತ್ತು. ಕಲಬುರಗಿ ಹತ್ತಿರ ಬರುವ ಹೊತ್ತಿಗೆ ಅದರ ಅಂಚೇ ಬಂದುಬಿಡುತ್ತದೆ. ಕೆಳಗಿರುವ ಹಳೆಯ ಕಲ್ಲು ನಮ್ಮ ರಾಯಚೂರು, ಬಳ್ಳಾರಿ ಕಡೆ ಬಂಡೆಗಳಾಗಿ ಮೇಲೆ ಕೂತಿದೆಯಲ್ಲ, ಅದೇ ಬಳಗದ್ದು. ಹಾಗಾಗಿ ಮಹಾರಾಷ್ಟ್ರದ ಬುಡದಲ್ಲಿ ಕರ್ನಾಟಕ ಇದೆ ಅನ್ನಬಹುದು. (ಚಪ್ಪಾಳೆ ಬಂತು. ದಯವಿಟ್ಟು ಇದನ್ನು ಗಡಿ ತಂಟೆಗೆ ಎಳೆಯಬೇಡಿ ಅಂತ ಕೈಮುಗಿದೆ.)

ಇನ್ನೂ ಕೆಳಗೆ? ಅಲ್ಲಿಗೆ ಯಾರೂ ಹೋಗಿಲ್ಲ. ರಷ್ಯಾದವರು ಕೋಲಾ ಅನ್ನುವ ಕಡೆ 1970ರಲ್ಲಿ ಕೊರೆಯಲು ಶುರು ಮಾಡಿ 1989ರ ಹೊತ್ತಿಗೆ 12,262 ಮೀಟರ್ ತಲುಪಿದರು. ತಳದಲ್ಲಿ 180 ಡಿಗ್ರಿ ಬಿಸಿ. ಅಲ್ಲಿಂದ ಮುಂದೆ ಆಗಲಿಲ್ಲ. ಭೂಮಿಯ ನಡುಮಧ್ಯಕ್ಕೆ 6371 ಕಿಲೋಮೀಟರ್ ಇದೆ. ಭೂಮಿಯನ್ನು ಒಂದು ಸುಲಿದ ತೆಂಗಿನಕಾಯಿ ಅಂದುಕೊಂಡರೆ, ಇಪ್ಪತ್ತು ವರ್ಷ ಬೆವರು ಸುರಿಸಿ ಅವರು ತೋಡಿದ ತೂತು ಒಂದು ಹಾಳೆ ಕಾಗದದ ದಪ್ಪ. ಅಷ್ಟೇ.

ಹಾಗಾದರೆ ಒಳಗಿನದು ಗೊತ್ತಾಗಿದ್ದು ಹೇಗೆ? ನೀವು ಮಂಡಯಿಯಲ್ಲಿ ತೆಂಗಿನಕಾಯಿ ಆರಿಸುವುದು ಹೇಗೆ? ಅಂಗಡಿಯಲ್ಲೇ ಒಡೆದು ನೋಡುತ್ತೀರಾ? ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೀರಿ. ನೀರು ಎಷ್ಟಿದೆ, ಕಾಯಿ ಬಲಿತಿದೆಯಾ, ಸದ್ದಿನಲ್ಲೇ ಗೊತ್ತಾಗುತ್ತದೆ. ಭೂಮಿಯನ್ನು ಹಿಡಿದು ಅಲ್ಲಾಡಿಸುವ ಕೈ ನಮಗಿಲ್ಲ. ಆದರೆ ಅದು ಆಗಾಗ ತಾನೇ ಅಲ್ಲಾಡುತ್ತದೆ.

*

ನಾನು ಅದನ್ನು ಮೊದಲ ಸಲ ಕಂಡಿದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಆಗ ಪಿಯುಸಿ ಓದುತ್ತಿದ್ದೆ. ನಮ್ಮ ಹಳ್ಳಿ ಆಳಂದ ತಾಲ್ಲೂಕಿನದು. ಗಣಪತಿ ಕಳಿಸಿ ಬಂದು ತಡವಾಗಿ ಮಲಗಿದ್ದೆವು. ನಾಗಂದಿಗೆಯ ಮೇಲಿನ ಹಿತ್ತಾಳೆ ಕೊಡಗಳು ಗಲಗಲ ಅಂದವು. ಬೆಕ್ಕು ಅಂದುಕೊಂಡೆ. ಆಮೇಲೆ ದೂರದಲ್ಲಿ ಲಾರಿ ಬಂದ ಹಾಗೆ ಗುಡುಗುಡು. ಎಮ್ಮೆ ಹಗ್ಗ ಜಗ್ಗುತ್ತಿತ್ತು. ಇಷ್ಟಾಗುವಷ್ಟರಲ್ಲಿ ಗೋಡೆ ಅತ್ತಿತ್ತ ತೂಗಿತು. ಮಾಳಿಗೆಯ ಜಂತಿಯ ಸಂದಿಯಿಂದ ನನ್ನ ಕೌದಿಯ ಮೇಲೆ ಮಣ್ಣು ಸುರಿಯಿತು. 'ಏಳ್ರೋ, ಭೂಮಿ ನಡಗ್ಲಿಕ್ಕತ್ತದ, ಹೊರಗ ನಡೀರಿ' ಅಂತ ಅವ್ವ ಕೂಗಿದಳು. ಅಂಗಳಕ್ಕೆ ಬಂದು ನೋಡಿದರೆ ಎಲ್ಲ ಸುಮ್ಮನಾಗಿತ್ತು. ನಮ್ಮ ಮನೆ ನಿಂತಿತ್ತು, ಒಂದು ಗೋಡೆ ಸೀಳಿತ್ತು.

ನಡುಗಿದ್ದು ಕಿಲ್ಲಾರಿ ಅಂತ ಬೆಳಕಾದ ಮೇಲೆ ರೇಡಿಯೋದಲ್ಲಿ ಕೇಳಿದೆವು. ನಮ್ಮಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ಸತ್ತವರು ಒಂಬತ್ತು ಸಾವಿರಕ್ಕೂ ಜಾಸ್ತಿ.

ಮೊದಲು ಕೊಡ ಗಲಗಲ, ಆಮೇಲೆ ಗೋಡೆ ತೂಗಿದ್ದು. ಈ ಎರಡರ ನಡುವೆ ಏಳೆಂಟು ಸೆಕೆಂಡ್ ಇದ್ದಿರಬೇಕು. ಅದು ಯಾಕೆ ಅಂತ ತಿಳಿದಿದ್ದು ಕಾಲೇಜಿನಲ್ಲಿ. ಕಲ್ಲು ಒಡೆದಾಗ ಎರಡು ಥರದ ಅಲೆ ಒಟ್ಟಿಗೇ ಹೊರಡುತ್ತವೆ. ಒಂದು ಗುದ್ದುವ ಅಲೆ. ನಿಂತ ಗೂಡ್ಸ್ ಗಾಡಿಗೆ ಇಂಜಿನ್ ಬಂದು ತಾಗಿದಾಗ ಡಬ್ಬಿಯಿಂದ ಡಬ್ಬಿಗೆ ಗುದ್ದು ಹೋಗುತ್ತದಲ್ಲ, ಹಾಗೆ. ಇದಕ್ಕೆ ಪಿ ಅಲೆ ಅನ್ನುತ್ತಾರೆ. ಇನ್ನೊಂದು ಬಾವಿ ಹಗ್ಗವನ್ನು ಅಡ್ಡಕ್ಕೆ ಝಾಡಿಸಿದಾಗ ಓಡುವ ಬಳುಕಿನ ಥರದ್ದು, ಎಸ್ ಅಲೆ. ಪಿ ಜೋರಾಗಿ ಓಡುತ್ತದೆ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಎಸ್ ನಿಧಾನ, ಮೂರೂವರೆ. ಆದರೆ ಗೋಡೆಗೆ ಜಾಸ್ತಿ ಪೆಟ್ಟು ಕೊಡುವುದು ಎಸ್ ಮತ್ತು ಅದರ ಹಿಂದೆ ನೆಲದ ಮೇಲ್ಮೈಯಲ್ಲೇ ಬರುವ ಅಲೆಗಳು. ಮಿಂಚು ಕಂಡ ಮೇಲೆ ಗುಡುಗಿನ ತನಕ ಎಣಿಸುತ್ತೇವಲ್ಲ, ಇಲ್ಲೂ ಅದೇ ಲೆಕ್ಕ. ಎರಡರ ನಡುವಿನ ಸೆಕೆಂಡನ್ನು 8ರಿಂದ ಗುಣಿಸಿದರೆ ನಡುಗಿದ ಜಾಗ ಎಷ್ಟು ಕಿಲೋಮೀಟರ್ ದೂರ ಅಂತ ಹೆಚ್ಚುಕಡಿಮೆ ಸಿಗುತ್ತದೆ.

ಇಷ್ಟು ಹೇಳುವಾಗ ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. 1967ರ ಡಿಸೆಂಬರ್ 11ರಂದು ಅವರು ಇಲ್ಲೇ ಪೇಟೆಯ ಒಂದು ವಾಡೆಯಲ್ಲಿ ಬಾಡಿಗೆಗೆ ಇದ್ದರಂತೆ. ನಸುಕಿನಲ್ಲಿ, ನಾಲ್ಕು ಗಂಟೆ ಇಪ್ಪತ್ತು ನಿಮಿಷ ದಾಟಿದ ಹೊತ್ತಿಗೆ, ಕೊಯ್ನಾ ನಡುಗಿತ್ತು. 'ಮೊದಲು ಬಾಗಿಲ ಚಿಲಕ ಟಕಟಕ ಅಂತು. ಯಾರೋ ಬಂದ್ರು ಅಂತ ಎದ್ದು ಹೋಗಿ ಬಾಗಿಲು ತೆಗೆದೆ. ಯಾರೂ ಇಲ್ಲ. ವಾಪಸ್ ತಿರುಗುವಷ್ಟರಲ್ಲಿ ಇಡೀ ವಾಡೆ ಕಿರಗುಟ್ಟಿತು' ಅಂದರು. ಎದ್ದು ಬಾಗಿಲಿಗೆ ಹೋಗಿ ತೆರೆಯಲು ಎಷ್ಟು ಹೊತ್ತು? ಅವರನ್ನೇ ಎಬ್ಬಿಸಿ ನಡೆಸಿ ನೋಡಿದೆವು. ಈಗ ವಯಸ್ಸಾಗಿದೆ, ಇಪ್ಪತ್ತೆರಡು ಸೆಕೆಂಡ್ ಆಯ್ತು. ಆಗಿನ ಕಾಲಿಗೆ ಹದಿನೈದು ಅನ್ನಿ. ಹದಿನೈದು ಎಂಟಲೆ ನೂರಿಪ್ಪತ್ತು. ಪುಣೆಯಿಂದ ಕೊಯ್ನಾನಗರ ನೇರ ಅಳೆದರೆ ಸುಮಾರು ಅಷ್ಟೇ ದೂರ. ಚಿಲಕ ಅಲ್ಲಾಡಿಸಿದ್ದು ಪಿ, ವಾಡೆ ಅಲ್ಲಾಡಿಸಿದ್ದು ಎಸ್.

*

ಈ ಅಲೆಗಳು ಮೇಲೆ ಮಾತ್ರ ಓಡುವುದಿಲ್ಲ, ಭೂಮಿಯ ಹೊಟ್ಟೆಯೊಳಗೂ ಹೋಗಿ ಇನ್ನೊಂದು ಕಡೆ ಹೊರಬರುತ್ತವೆ. ಅದನ್ನು ಹಿಡಿದೇ ಒಳಗಿನ ನಕ್ಷೆ ಮಾಡಿದ್ದು.

ಅದರ ಆರಂಭದಲ್ಲಿ ನಮ್ಮ ದೇಶವೂ ಇದೆ. 1897ರ ಜೂನ್ 12ರಂದು ಅಸ್ಸಾಂ ಕಡೆ ಭಾರೀ ಭೂಕಂಪ ಆಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಆರ್. ಡಿ. ಓಲ್ಡ್‌ಹ್ಯಾಮ್ ಅದನ್ನು ಅಧ್ಯಯನ ಮಾಡಿದರು. ದೂರದ ಯಂತ್ರಗಳು ಗೀಚಿದ ಗೆರೆಗಳಲ್ಲಿ ಪಿ, ಎಸ್ ಮತ್ತು ಮೇಲ್ಮೈ ಅಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದ್ದು ಅವರೇ. 1906ರಲ್ಲಿ, ಭೂಮಿಯ ನಡುವೆ ಬೇರೆಯದೇ ಆದ ಒಂದು ತಿರುಳು ಇದೆ ಅಂತ ತೋರಿಸಿದರು.

ಆಮೇಲೆ 1909ರಲ್ಲಿ ಝಾಗ್ರೆಬ್‌ನ ಮೊಹೊರೊವಿಚಿಚ್. ಅವರು ಕಂಡಿದ್ದನ್ನು ಪುಣೆಯವರಿಗೆ ಹೇಳುವುದು ಸುಲಭ. ನೀವು ಡೆಕ್ಕನ್ ಜಿಮಖಾನಾದಿಂದ ಖಡ್ಕಿಗೆ ಹೋಗಬೇಕು. ಎಕ್ಸ್‌ಪ್ರೆಸ್‌ವೇ ಹತ್ತುತ್ತೀರಾ? ಇಲ್ಲ, ಊರೊಳಗಿನ ರಸ್ತೆಯೇ ಬೇಗ. ಆದರೆ ಪನ್ವೇಲ್‌ಗೆ ಹೋಗಬೇಕಾದರೆ? ಎಕ್ಸ್‌ಪ್ರೆಸ್‌ವೇ ತನಕ ಹೋಗುವಷ್ಟರಲ್ಲಿ ಹೈರಾಣಾದರೂ ಹತ್ತಿದ ಮೇಲೆ ಹಳೇ ಹೈವೇಯವರನ್ನು ಹಿಂದೆ ಹಾಕುತ್ತೀರಿ. ಅಲೆಗಳದ್ದೂ ಇದೇ ಬುದ್ಧಿ. ಹತ್ತಿರದ ಕೇಂದ್ರಗಳಿಗೆ ಮೇಲಿನ ಕಲ್ಲಿನಲ್ಲೇ ಓಡಿದ ಅಲೆ ಮೊದಲು ಮುಟ್ಟಿತ್ತು. ದೂರದ ಕೇಂದ್ರಗಳಿಗೆ ಕೆಳಗಿಳಿದು, ಓಡಿ, ಮೇಲೆ ಬಂದ ಅಲೆ ಮೊದಲು ಮುಟ್ಟಿತ್ತು. ಅಂದರೆ ಕೆಳಗೆ ಎಲ್ಲೋ ಒಂದು ಎಕ್ಸ್‌ಪ್ರೆಸ್‌ವೇ ಇದೆ. ಅಲ್ಲಿ ಪಿ ಅಲೆಯ ವೇಗ ಸೆಕೆಂಡಿಗೆ 8 ಕಿಲೋಮೀಟರ್. ಆ ಗಡಿಗೆ ಈಗ ಮೊಹೊ ಅಂತ ಹೆಸರು. ನಾವು ಕೂತಿರುವ ಕಡೆ ಅದು ಹೆಚ್ಚುಕಡಿಮೆ 40 ಕಿಲೋಮೀಟರ್ ಕೆಳಗಿದೆ. ಸಮುದ್ರದ ತಳದಲ್ಲಿ ಏಳೆಂಟೇ ಕಿಲೋಮೀಟರ್. ಅದರ ಮೇಲಿನದು ತೊಗಟೆ, ಪಠ್ಯಪುಸ್ತಕದ ಭೂಕವಚ. ಕೆಳಗಿನದು ಮ್ಯಾಂಟಲ್.

ಮ್ಯಾಂಟಲ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲರ ತಲೆಯಲ್ಲೂ ಕೂತಿದೆ. ತೊಗಟೆಯ ಕೆಳಗೆ ಲಾವಾ ಸಮುದ್ರ ಕುದಿಯುತ್ತಿದೆ, ನಾವು ಅದರ ಮೇಲೆ ತೇಲುತ್ತಿದ್ದೇವೆ ಅಂತ. ಶಾಲೆಯ ಚಾರ್ಟಿನಲ್ಲಿ ಕೇಸರಿ ಬಣ್ಣ ಬಳಿದವರದೇ ತಪ್ಪು ಅಂತ ನನ್ನ ಅನುಮಾನ. ಮ್ಯಾಂಟಲ್ ಗಟ್ಟಿ ಕಲ್ಲು. ಗೊತ್ತಾಗಿದ್ದು ಹೇಗೆ ಅಂದರೆ, ಎಸ್ ಅಲೆ ಅದರೊಳಗೆ ಆರಾಮಾಗಿ ಹೋಗುತ್ತದೆ. ಎಸ್ ಅಲೆಗೆ ದ್ರವದಲ್ಲಿ ಓಡಲು ಬರುವುದಿಲ್ಲ. ಬಕೆಟ್ ನೀರಿಗೆ ಅಂಗೈ ಇಳಿಸಿ ಅಡ್ಡಕ್ಕೆ ಸರಿಸಿ ನೋಡಿ. ಆಚೆ ಬದಿಯ ನೀರು ಜಗ್ಗಿಸಿಕೊಂಡು ಬರುತ್ತದಾ? ಜಾರಿಕೊಳ್ಳುತ್ತದೆ. ಅಡ್ಡಕ್ಕೆ ಜಗ್ಗಾಡಲು ಗಟ್ಟಿ ವಸ್ತು ಬೇಕು.

ಗಟ್ಟಿ, ಆದರೂ ಹರಿಯುತ್ತದೆ. ಇದು ಹೇಗೆ? ಬೆಲ್ಲದ ಪೆಂಟೆ ನೆನಪಿಸಿಕೊಳ್ಳಿ. ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುತ್ತದೆ. ಅದೇ ಪೆಂಟೆಯನ್ನು ಮಳೆಗಾಲದಲ್ಲಿ ಹಲಗೆಯ ಮೇಲೆ ತಿಂಗಳುಗಟ್ಟಲೆ ಮರೆತುಬಿಟ್ಟರೆ? ಸದ್ದಿಲ್ಲದೆ ಕುಸಿದು ಅಗಲವಾಗಿರುತ್ತದೆ. ಹರಿದದ್ದನ್ನು ಯಾರೂ ನೋಡಿಲ್ಲ, ಆದರೆ ಹರಿದಿದೆ. ಬೆಲ್ಲಕ್ಕೆ ತೇವ ಕಾರಣ, ಮ್ಯಾಂಟಲ್‌ಗೆ ಶಾಖ ಮತ್ತು ಕೋಟಿಗಟ್ಟಲೆ ವರ್ಷ.

ಮ್ಯಾಂಟಲ್ 2,890 ಕಿಲೋಮೀಟರ್ ಆಳದ ತನಕ. ಅಲ್ಲಿಗೆ ಎಸ್ ಅಲೆ ನಿಂತೇಬಿಡುತ್ತದೆ. ಕೆಳಗಿರುವುದು ಕರಗಿದ ಕಬ್ಬಿಣ ಮತ್ತು ನಿಕ್ಕಲ್. ತೆಂಗಿನಕಾಯಿಯ ನೀರು ಇಲ್ಲಿದೆ ಅನ್ನಿ. ಈ ನೀರಿನ ನಡುವೆಯೂ ಒಂದು ಗಟ್ಟಿ ಉಂಡೆ ಇದೆ ಅಂತ 1936ರಲ್ಲಿ ಹೇಳಿದ್ದು ಡೆನ್ಮಾರ್ಕಿನ ಇಂಗೆ ಲೆಹ್ಮನ್. 1929ರಲ್ಲಿ ನ್ಯೂಜಿಲೆಂಡ್ ನಡುಗಿದಾಗ, ಅಲೆ ಬರಲೇಬಾರದ ಕಡೆಗಳಲ್ಲೂ ಸಣ್ಣಗೆ ಬಂದಿದ್ದವು. ಬೇರೆಯವರು ಸುಮ್ನೆ ಬಿಟ್ಟ ಆ ಗೆರೆಗಳನ್ನು ಈಕೆ ಬಿಡಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದು ಕೇಂದ್ರದ ಲೆಕ್ಕವನ್ನೂ ರಟ್ಟಿನ ಚೀಟಿಯಲ್ಲಿ ಬರೆದು, ಓಟ್ಸ್ ಡಬ್ಬಿಗಳಲ್ಲಿ ಜೋಡಿಸಿಟ್ಟುಕೊಳ್ಳುತ್ತಿದ್ದರು. ನಮ್ಮ ಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ಇಡುವ ಹಾಗೆ. 104 ವರ್ಷ ಬದುಕಿ 1993ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆ ಗಟ್ಟಿ ಉಂಡೆ ಶುರುವಾಗುವುದು 5,150 ಕಿಲೋಮೀಟರ್ ಆಳದಲ್ಲಿ. ಬಿಸಿ ಸೂರ್ಯನ ಮೇಲ್ಮೈಯ ಲೆಕ್ಕದಲ್ಲಿದೆ. ಒತ್ತಡ ಎಷ್ಟು ಜಾಸ್ತಿ ಅಂದರೆ, ಅಷ್ಟು ಬಿಸಿಯಲ್ಲೂ ಅದು ಕರಗುವುದಿಲ್ಲ.

*

ಈಗ ಫಲಕಗಳ ವಿಷಯ. ತೊಗಟೆ ಮತ್ತು ಅದಕ್ಕೆ ಅಂಟಿದ ಮ್ಯಾಂಟಲ್‌ನ ಮೇಲುಭಾಗ ಸೇರಿ ಸುಮಾರು ನೂರು ಕಿಲೋಮೀಟರ್ ದಪ್ಪದ ಗಟ್ಟಿ ತುಂಡುಗಳಾಗಿವೆ. ಅವೇ ಫಲಕಗಳು. ಕೆಳಗಿನ ಬೆಲ್ಲ ಸರಿದ ಹಾಗೆ ಇವೂ ಸರಿಯುತ್ತವೆ. ಭೂಖಂಡಗಳು ಜರುಗುತ್ತವೆ ಅಂತ ಜರ್ಮನಿಯ ವೆಗೆನರ್ 1912ರಲ್ಲೇ ಹೇಳಿದ್ದರು. ಯಾವುದು ಜರುಗಿಸುತ್ತದೆ ಅಂತ ಸರಿಯಾಗಿ ಹೇಳಲಾಗಲಿಲ್ಲ, ಹಾಗಾಗಿ ಹೆಚ್ಚಿನವರು ನಂಬಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಸಮುದ್ರದ ತಳ ನಡುವೆ ಬಿರಿದು ಹೊಸದಾಗಿ ಹುಟ್ಟುತ್ತಿದೆ ಅಂತ 1960ರ ದಶಕದಲ್ಲಿ ಗೊತ್ತಾದ ಮೇಲೆ ಜಗತ್ತು ಒಪ್ಪಿತು.

ನಂಬಿಕೆ ಬರದವರು ಮಲ್ಪೆಗೆ ಹೋಗಿ ಬನ್ನಿ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಆರು ಮೂಲೆಯ ಕಂಬಗಳನ್ನು ಒಟ್ಟಿದ ಹಾಗೆ ನಿಂತ ಕಲ್ಲುಗಳ ಮೇಲೆ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಿನಲ್ಲಿ ಹೊರಬಂದ ಲಾವಾ ಅದು. ಅಣ್ಣತಮ್ಮಂದಿರು ಪಾಲಾದಾಗ ನಡುಮನೆಯಲ್ಲಿ ಉಳಿಯುವ ಗುರುತಿನ ಹಾಗೆ. ಮುಂಬಯಿಯ ಅಂಧೇರಿಯಲ್ಲಿ, ಕಟ್ಟಡಗಳ ನಡುವೆ ಸಿಕ್ಕಿಕೊಂಡಿರುವ ಗಿಲ್ಬರ್ಟ್ ಗುಡ್ಡದಲ್ಲೂ ಇಂಥವೇ ಕಂಬಗಳಿವೆ. ಅದು ಡೆಕ್ಕನ್ ಟ್ರ್ಯಾಪ್ ಕಾಲದ್ದು. ಹತ್ತಿರಹತ್ತಿರ ಅದೇ ಕಾಲಕ್ಕೆ ಸೇಶೆಲ್ಸ್ ದ್ವೀಪಗಳೂ ನಮ್ಮನ್ನು ಬಿಟ್ಟು ಹೋದವು. ಆಮೇಲೆ ಭಾರತ ಒಂಟಿಯಾಗಿ ಉತ್ತರಕ್ಕೆ ಓಡಿತು. ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರಿಗಿಂತ ಜಾಸ್ತಿ. ಫಲಕಗಳ ಲೆಕ್ಕದಲ್ಲಿ ಅದು ರೇಸ್ ಕಾರು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಢಿಕ್ಕಿ ಹೊಡೆಯಿತು, ಹಿಮಾಲಯ ಎದ್ದಿತು.

ಭೂಕಂಪ ಅಂದರೆ ಹಿಮಾಲಯದವರ ಪಾಡು, ದಖ್ಖನ್ ಫಲಕದ ನಟ್ಟನಡುವೆ ಇದೆ, ನಮಗೇನೂ ಆಗಲ್ಲ. 1967ರ ತನಕ ಹೀಗೇ ನಂಬಿದ್ದೆವು. ಕೊಯ್ನಾ ಆದ ಮೇಲೂ ಅದೊಂದು ವಿಶೇಷ ಅಂದುಕೊಂಡೆವು. 1993ರಲ್ಲಿ ಬಳಕೆಯಲ್ಲಿದ್ದ ಭೂಕಂಪ ಅಪಾಯದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಒಂದನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗದಲ್ಲಿ. 2002ರಲ್ಲಿ ಆ ವಲಯವನ್ನೇ ತೆಗೆದುಹಾಕಿದರು.

ನಡುವಿನ ಜಾಗ ಯಾಕೆ ನಡುಗುತ್ತದೆ? ಸ್ವಾರಗೇಟ್‌ನಲ್ಲಿ ಸಂಜೆ ಆರಕ್ಕೆ ಬಸ್ ಹತ್ತಿದ್ದೀರಲ್ಲ. ಹಿಂದಿನಿಂದ ಜನ ನೂಕುತ್ತಾರೆ. ಮುಂದೆ ದಾರಿ ಇಲ್ಲ, ಅಡ್ಡ ನಿಂತವರು ಜಗ್ಗುವುದಿಲ್ಲ. ಒತ್ತಡ ಎಲ್ಲರ ಮೇಲೂ ಇದೆ. ಆದರೆ ಮೊದಲು ಕುಸಿಯುವವನು ನಡುವೆ ಎಲ್ಲೋ ನಿಂತ, ಮೊದಲೇ ಮೊಣಕಾಲು ನೋವಿದ್ದ ಮನುಷ್ಯ. ಭಾರತ ಫಲಕವನ್ನು ದಕ್ಷಿಣದಿಂದ ಹಿಂದೂ ಮಹಾಸಾಗರದ ಹೊಸ ತಳ ನೂಕುತ್ತಿದೆ, ಉತ್ತರದಲ್ಲಿ ಏಷ್ಯಾ ಅಡ್ಡ ನಿಂತಿದೆ. ಕರಿಕಲ್ಲಿನ ಕೆಳಗೆ, ಹಳೆಯ ಗ್ರಾನೈಟಿನಲ್ಲಿ ಕೋಟ್ಯಂತರ ವರ್ಷಗಳ ಬಿರುಕುಗಳಿವೆ. ಅವೇ ಆ ಮೊಣಕಾಲು. ಮೇಲಿನಿಂದ ಕಾಣುವುದಿಲ್ಲ, ಲಾವಾ ಕಂಬಳಿ ಹೊದಿಸಿಬಿಟ್ಟಿದೆ.

ಕೊಯ್ನಾದಲ್ಲಿ ಇನ್ನೊಂದು ಸಂಗತಿ ಸೇರಿಕೊಂಡಿತು. 103 ಮೀಟರ್ ಎತ್ತರದ ಅಣೆಕಟ್ಟು. 1960ರ ದಶಕದ ಶುರುವಿನಲ್ಲಿ ಶಿವಾಜಿಸಾಗರಕ್ಕೆ ನೀರು ತುಂಬತೊಡಗಿತು, ಸಣ್ಣ ಸಣ್ಣ ನಡುಕಗಳೂ ಶುರುವಾದವು. ನೀರಿನ ಭಾರ ಒಂದು ಕಾರಣ. ಅದಕ್ಕಿಂತ ಮುಖ್ಯ, ನೀರು ಬಿರುಕುಗಳಲ್ಲಿ ಇಳಿದು ಒಳಗಿನಿಂದ ಒತ್ತುತ್ತದೆ. ಬಿಗಿಯಾಗಿ ಕಚ್ಚಿಕೊಂಡಿದ್ದ ಎರಡು ಬಂಡೆಗಳ ಹಿಡಿತ ಸಡಿಲಾಗುತ್ತದೆ. ಒತ್ತಡವನ್ನು ನೀರು ತಂದಿದ್ದಲ್ಲ. ಅದು ಮೊದಲೇ ಇತ್ತು, ನೀರು ಬಂದೂಕಿನ ಕುದುರೆ ಎಳೆಯಿತು ಅಷ್ಟೇ. 1967ರಲ್ಲಿ 6.3 ತೀವ್ರತೆಯ ಭೂಕಂಪ ಆಗಿ ಸುಮಾರು 180 ಜನ ಸತ್ತರು. ಕೊಯ್ನಾನಗರ ನೆಲಸಮ. ಅಣೆಕಟ್ಟು ಬಿರುಕು ಬಿಟ್ಟಿತು, ಆದರೆ ನಿಂತಿತು. ಆಮೇಲೆ ಅದಕ್ಕೆ ಕಾಂಕ್ರೀಟ್ ಒತ್ತುಗೋಡೆ ಕೊಟ್ಟರು. ಜಲಾಶಯದಿಂದ ಎದ್ದ ಭೂಕಂಪಗಳಲ್ಲಿ ಜಗತ್ತಿನಲ್ಲೇ ಇದು ದೊಡ್ಡದು. 1985ರಲ್ಲಿ ಪಕ್ಕದ ವಾರಣಾ ಜಲಾಶಯ ತುಂಬತೊಡಗಿದ ಮೇಲೆ ನಡುಕ ದಕ್ಷಿಣಕ್ಕೂ ಚಾಚಿತು. ಇವತ್ತಿಗೂ ಅಲ್ಲಿ ಮಳೆಗಾಲ ಮುಗಿದ ಮೇಲೆ ನಡುಕ ಜಾಸ್ತಿ. ಇಷ್ಟೆಲ್ಲ ಆಗುವುದು 20-30 ಕಿಲೋಮೀಟರ್ ಉದ್ದಗಲದ ಸಣ್ಣ ಜಾಗದಲ್ಲಿ. ಗೋಠಣೆಯ ಬಾವಿ ಕೊರೆದಿದ್ದು ಅದಕ್ಕೇ. ಕರಾಡದಲ್ಲಿ ಇದಕ್ಕಾಗಿಯೇ ಒಂದು ಪ್ರಯೋಗಾಲಯ ಇದೆ.

*

ತೀವ್ರತೆಯ ಅಂಕೆ ಬಗ್ಗೆ ಒಂದು ಮಾತು. 6 ಮತ್ತು 7ಕ್ಕೆ ಒಂದೇ ವ್ಯತ್ಯಾಸ ಅಲ್ವಾ ಅಂದುಕೊಳ್ಳಬೇಡಿ. ಒಂದು ಮೆಟ್ಟಿಲು ಏರಿದರೆ ಶಕ್ತಿ ಸುಮಾರು 32 ಪಟ್ಟು. ಆದರೂ ಕಿಲ್ಲಾರಿ 6.2 ಅಷ್ಟೇ ಇತ್ತು. ಅಷ್ಟಕ್ಕೇ ಅಷ್ಟು ಜನ ಹೇಗೆ ಸತ್ತರು?

ಉತ್ತರ ನಮ್ಮ ಮಾಳಿಗೆಯಲ್ಲಿದೆ. ಎರಡು ಮೂರಡಿ ದಪ್ಪದ ಗೋಡೆ, ಗುಂಡುಕಲ್ಲು, ನಡುವೆ ಬರೀ ಮಣ್ಣು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಹಾಸು. ಪ್ರತಿ ವರ್ಷ ಮಳೆಗೆ ಮುಂಚೆ ಅಪ್ಪ ಮಾಳಿಗೆ ಹತ್ತಿ, ಸೋರದಿರಲಿ ಅಂತ ಇನ್ನೆರಡು ಬುಟ್ಟಿ ಮಣ್ಣು ಹಾಕುತ್ತಿದ್ದ. ನಾನೇ ಬುಟ್ಟಿ ಎತ್ತಿಕೊಟ್ಟಿದ್ದೇನೆ. ಅಜ್ಜನ ಕಾಲದಿಂದ ಹೀಗೇ ಏರಿದ ಮಣ್ಣು. ಬಿಸಿಲಿಗೆ ಅಷ್ಟು ತಂಪಾದ ಮನೆ ಬೇರೆ ಇಲ್ಲ. ಆದರೆ ಗೋಡೆ ತೂಗಿದಾಗ ಕಲ್ಲು ಕಲ್ಲನ್ನು ಹಿಡಿದುಕೊಳ್ಳುವುದಿಲ್ಲ, ಆ ಮಣ್ಣಷ್ಟೂ ಮಲಗಿದವರ ಮೇಲೆ ಬೀಳುತ್ತದೆ. ನಡುಕ ಎದ್ದಿದ್ದೂ ತೀರಾ ಮೇಲೇ, ಹತ್ತು ಕಿಲೋಮೀಟರ್ ಆಳದೊಳಗೆ. ಸಮಯ ಬೆಳಗಿನ 3 ಗಂಟೆ 56 ನಿಮಿಷ.

ನಾವೀಗ ಕಾಂಕ್ರೀಟಿನಲ್ಲಿದ್ದೇವೆ, ನಮಗೇನು ಅನ್ನಬೇಡಿ. 2001ರ ಜನವರಿ 26ರಂದು ನಡುಗಿದ್ದು ಭುಜ್ ಕಡೆ. ಆದರೆ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಬಿದ್ದವುಗಳಲ್ಲಿ ಬಹಳಷ್ಟು, ಕೆಳಗೆ ಪಾರ್ಕಿಂಗ್‌ಗೆ ಬರೀ ಕಾಲಂ ಬಿಟ್ಟು ಮೇಲೆ ಗೋಡೆ ಕಟ್ಟಿದವು. ಮೇಲೆ ಪೆಟ್ಟಿಗೆಯ ಹಾಗೆ ಬಿಗಿ, ಕೆಳಗೆ ಬರೀ ಕಡ್ಡಿ ಕಾಲು. ತೂಗಿದಾಗ ಎಲ್ಲ ಬಾಗುವುದು ಆ ಕಾಲುಗಳಲ್ಲೇ. ನಮ್ಮ ಸೊಸೈಟಿಯದೂ ಅಂಥದೇ. ಒಂದು ಸಲ ಕೆಳಗಿನ ಅಂಗಡಿಯವರು ಶಟರ್ ಅಗಲ ಮಾಡಲು ಕಾಲಂನ ಮೂಲೆ ಕೆತ್ತಿಸಿದರು. ಒಳಗಿನ ಕಬ್ಬಿಣ ಹೊರಗೆ ಕಾಣುತ್ತಿತ್ತು. ಕೇಳಿದರೆ 'ನಾಲ್ಕೇ ಇಂಚು ಸಾರ್, ಪ್ಲಾಸ್ಟರ್ ಮಾಡಿಬಿಡ್ತೀವಿ' ಅಂದರು. ಮೂರು ತಿಂಗಳು ಮೀಟಿಂಗ್ ಮೇಲೆ ಮೀಟಿಂಗ್ ಆಯಿತು. ಕೊನೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ಕಾಲಂಗೆ ಸುತ್ತ ಹೊಸ ಕಬ್ಬಿಣ ಕಟ್ಟಿಸಿ ಕಾಂಕ್ರೀಟ್ ಹಾಕಿಸಿದ ಮೇಲೇ ನಾನು ಅಲ್ಲಿ ಸ್ಕೂಟರ್ ನಿಲ್ಲಿಸಿದ್ದು. 2002ರ ನಕ್ಷೆಯಲ್ಲಿ ಪುಣೆ, ಮುಂಬಯಿ, ಗೋವಾ ಮೂರೂ ಮೂರನೇ ವಲಯ. ಕೊಯ್ನಾ ನಾಲ್ಕು. ಫ್ಲ್ಯಾಟ್ ಕೊಳ್ಳುವಾಗ ಮಾಡ್ಯುಲರ್ ಕಿಚನ್ ಬಗ್ಗೆ ಕೇಳುವಷ್ಟೇ ಗಟ್ಟಿಯಾಗಿ, ಯಾವ ವಲಯಕ್ಕೆ ಡಿಸೈನ್ ಮಾಡಿದ್ದೀರಿ ಅಂತಲೂ ಬಿಲ್ಡರನ್ನು ಕೇಳಿ.

*

ಕೊನೆಯಲ್ಲಿ ಪ್ರಶ್ನೆಗಳು ಬಂದವು.

ವಜ್ರೇಶ್ವರಿಯ ಬಿಸಿನೀರಿನ ಕುಂಡಗಳ ಕೆಳಗೆ ಜ್ವಾಲಾಮುಖಿ ಇದೆಯಾ ಅಂತ ಠಾಣೆಯಿಂದ ಬಂದಿದ್ದ ಅಕ್ಕ ಕೇಳಿದರು. ಇಲ್ಲ. ಮಳೆಯ ನೀರು ಬಿರುಕುಗಳಲ್ಲಿ ಬಹಳ ಆಳಕ್ಕೆ ಇಳಿದು, ಅಲ್ಲಿನ ಶಾಖಕ್ಕೆ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ಕೊಂಕಣದ ಉದ್ದಕ್ಕೂ ಇಂಥ ಊಟೆಗಳಿವೆ. ಬಿರುಕುಗಳ ಸಾಲು ಕೆಳಗಿದೆ ಅನ್ನುವುದಕ್ಕೆ ಅದೂ ಒಂದು ಗುರುತು.

ಭೂಕಂಪ ಯಾವಾಗ ಅಂತ ಮೊದಲೇ ಹೇಳಬಹುದಾ? ತಾರೀಕು, ಗಂಟೆ ಹೇಳಲು ಯಾರಿಗೂ ಆಗಿಲ್ಲ. ವಾಟ್ಸಾಪಿನಲ್ಲಿ ತಾರೀಕು ಬಂದರೆ ಡಿಲೀಟ್ ಮಾಡಿ. ಆದರೆ ಚಿಲಕಕ್ಕೂ ವಾಡೆಗೂ ನಡುವೆ ಹದಿನೈದು ಸೆಕೆಂಡ್ ಇತ್ತಲ್ಲ, ಅದನ್ನು ಬಳಸಿಕೊಳ್ಳಬಹುದು. ಜಪಾನಿನಲ್ಲಿ ಪಿ ಅಲೆ ಹಿಡಿದ ಕೂಡಲೇ ಯಂತ್ರ ಎಚ್ಚರಿಕೆ ಕಳಿಸುತ್ತದೆ, ರೈಲು ನಿಲ್ಲುತ್ತದೆ.

ಕೊನೆಗೆ ಏಳನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. 'ಅಂಕಲ್, ನಾವು ಈಗ್ಲೂ ಸರೀತಾ ಇದೀವಾ?' ಹೌದಪ್ಪ, ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್. ನಾನು ಮಾತು ಶುರು ಮಾಡಿ ಒಂದು ಗಂಟೆ ಆಯಿತು. ಲೆಕ್ಕ ಹಾಕಿದರೆ ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿನಷ್ಟು ಈ ಹಾಲ್ ಸರಿದಿದೆ. ಅವನು ಬಿಡಲಿಲ್ಲ. 'ಹಾಗಾದ್ರೆ ಬೆಂಗಳೂರಿನ ಅಜ್ಜಿ ಮನೆ ಹತ್ರ ಬರತ್ತಾ?' ಇಲ್ಲ, ಅಜ್ಜಿ ಮನೆಯೂ ಇದೇ ಫಲಕದ ಮೇಲಿದೆ, ಅದೂ ಜೊತೆಗೇ ಸರಿಯುತ್ತದೆ. ಹತ್ತಿರ ಬರುತ್ತಿರುವುದು ಹಿಮಾಲಯದ ಆಚೆ ಇರುವ ಲ್ಹಾಸಾ, ವರ್ಷಕ್ಕೆ ಹೆಚ್ಚುಕಡಿಮೆ 2 ಸೆಂಟಿಮೀಟರ್. ಅವನಿಗೆ ಅದರಲ್ಲಿ ಅಷ್ಟು ಆಸಕ್ತಿ ಕಾಣಲಿಲ್ಲ. ಹಿಂದಿನ ಬಾಗಿಲಿನಿಂದ ಉಪ್ಪಿಟ್ಟಿನ ಪಾತ್ರೆ ಒಳಗೆ ಬರುತ್ತಿತ್ತು, ಇಬ್ಬರು ಹಿಡಿದುಕೊಂಡು ಫರಸಿಯ ಮೇಲೆ ಮೆಲ್ಲಗೆ ಇಳಿಸಿದರು.